ಕ್ಯಾನ್ಸಲ್ ಆದ ಸಿಂಗಾಪುರ ಟ್ರಿಪ್ಪಿನ ರೊಕ್ಕ ಕೊನೆಗೂ ಬಂತು

"ಬಿಡೋ ತಮ್ಮಾ, ಹೋದ ರೊಕ್ಕ ಬರೋದಿಲ್ಲ." ರಾಯಚೂರು ಸ್ಟೇಷನ್ ರೋಡಿನಲ್ಲಿ ನನ್ನ ಹಾಗೆ ಟ್ರಿಪ್ ಬುಕಿಂಗ್ ಮಾಡುವವರೆಲ್ಲ ಇದನ್ನೇ ಹೇಳುತ್ತಿದ್ದರು. ಹೋದ ತಿಂಗಳು ನನ್ನ ಗಿರಾಕಿ ಸಾವ್ಕಾರರ ಖಾತೆಗೆ ಟ್ರಾವೆಲ್ ಇನ್ಶೂರೆನ್ಸಿನಿಂದ 1 ಲಕ್ಷ 10 ಸಾವಿರದ ಹತ್ತಿರ ಬಿತ್ತು. ಆ ಮೆಸೇಜಿನ ಫೋಟೋ ತೆಗೆದು ಎಲ್ಲರಿಗೂ ಕಳಿಸಿದೆ. ನೀಲಿ ಟಿಕ್ ಬಂತು, ಉತ್ತರ ಬರಲಿಲ್ಲ!

ಇದಕ್ಕೆ ಮುಂಚೆ ಎರಡು ಸಲ ಸೋತಿದ್ದೆ. ಮೊದಲನೇದು ದುಬೈ. ವೀಸಾ ಬರಲಿ, ಆಮೇಲೆ ಪಾಲಿಸಿ ಮಾಡೋಣ ಅಂತ ಸುಮ್ನೆ ಕೂತೆ. ಹೊರಡೋಕೆ ಎರಡು ದಿನ ಇದ್ದಾಗ ಸಂಜೆ ಪಾಲಿಸಿ ತೆಗೆದೆ, ಆದರೆ ಆ ಮನೆಯ ಹೆಂಗಸಿಗೆ ಡೆಂಗಿ ಅಂತ ಲ್ಯಾಬ್ ರಿಪೋರ್ಟ್ ಬಂದಿದ್ದು ಅವತ್ತೇ ಬೆಳಗ್ಗೆ. ನನಗೆ ಯಾರೂ ಹೇಳಿರಲಿಲ್ಲ. ಕ್ಲೇಮ್ ಅಲ್ಲಿಗೇ ಮುಗೀತು. ಮುಖ ಉಳಿಸಿಕೊಳ್ಳೋಕೆ 40 ಸಾವಿರ ಕೈಯಿಂದ ಹೋಯ್ತು.

ಎರಡನೇದು ವಿಯೆಟ್ನಾಂ, ಒಬ್ಬ ಮೇಷ್ಟ್ರ ಸೊಂಟ. ಡಾಕ್ಟರ್ ಚೀಟಿಯಲ್ಲಿ "ವಿಶ್ರಾಂತಿ ಬೇಕು" ಅಂತ ಮಾತ್ರ ಇತ್ತು. ವಿಶ್ರಾಂತಿ ಬೇಕು ಅಂದ್ರೆ ಪ್ರಯಾಣ ಮಾಡಬಾರದು ಅಂತ ಅಲ್ಲವಂತೆ. ಸಾಲದ್ದಕ್ಕೆ, ವಾಸಿ ಆಗಬಹುದು ಅಂತ ಐದು ದಿನ ಕಾದೆವು, ಅಷ್ಟರಲ್ಲಿ ಹೋಟೆಲಿನವರು ಕಾಲು ಭಾಗ ಹಿಡಿಯೋ ಬದಲು ಪೂರ್ತಿ ಹಿಡಿದರು.

ಸಿಂಗಾಪುರಕ್ಕೆ ಸಾವ್ಕಾರರು ಮತ್ತು ಅವರ ಮನೆಯವರು. ಈ ಸಲ, ಕ್ಯಾನ್ಸಲ್ ಮಾಡಿದ್ರೆ ವಾಪಸ್ ಬರದಂಥ ಮೊದಲನೇ ರೊಕ್ಕ ಕಟ್ಟಿದ ದಿನವೇ ಇಬ್ಬರಿಗೂ ಪಾಲಿಸಿ ಮಾಡಿದೆ, ತಲೆಗೆ 2 ಸಾವಿರ ಚಿಲ್ಲರೆ. ಜೊತೆಗಾರರಿಗೆ ಕಾಯಿಲೆ ಆದ್ರೂ ಕವರ್ ಇದೆಯಾ ಅಂತ ಓದಿ ನೋಡಿದ್ದೆ. ಹನ್ನೆರಡು ದಿನ ಇರುವಾಗ ಸಾವ್ಕಾರರಿಗೆ ಅಪೆಂಡಿಕ್ಸ್. ಅವರನ್ನು ಆಪರೇಷನ್ ಥಿಯೇಟರಿಗೆ ಒಯ್ದಾಗ ಹೊರಗಿನ ಬೆಂಚಿನ ಮೇಲೆ ಕೂತು ಕಂಪನಿಗೆ ಮೇಲ್ ಹಾಕಿ ಕ್ಲೇಮ್ ನಂಬರ್ ತಗೊಂಡೆ. ಆಮೇಲೆ ಅವತ್ತೇ ಎಲ್ಲ ಕ್ಯಾನ್ಸಲ್. ಎಷ್ಟು ಹಿಡಿದರು ಅಂತ ಏರ್‌ಲೈನಿಂದ ಪತ್ರವನ್ನೂ ತರಿಸಿದೆ. ನಾನ್ ರಿಫಂಡಬಲ್ ಟಿಕೆಟ್ಟಾದ್ರೂ ನಮ್ಮ ಏರ್‌ಲೈನುಗಳು ಏರ್‌ಪೋರ್ಟ್ ಚಾರ್ಜು, ಟ್ಯಾಕ್ಸು ವಾಪಸ್ ಕೊಡಬೇಕು, ನಮ್ಮಲ್ಲಿ ಬಹಳ ಜನ ಕೇಳೋದೇ ಇಲ್ಲ. 5-6 ಸಾವಿರ ಬಂತು. ಅದನ್ನು ಕ್ಲೇಮಿನಿಂದ ನಾನೇ ಕಳೆದು ತೋರಿಸಿದೆ.

ಆದರೂ ರಿಜೆಕ್ಟ್! ಡಿಸ್ಚಾರ್ಜ್ ಕಾಗದದ ಮೂಲೆಯಲ್ಲಿ "ಐದು ವರ್ಷದಿಂದ ಶುಗರ್" ಅಂತ ಒಂದು ಸಾಲು ಇತ್ತು. ಅದನ್ನು ಹಿಡಿದು ಹಳೇ ಕಾಯಿಲೆ ಅಂದರು. ಶುಗರ್ ಇದೆ ಅಂತ ಪಾಲಿಸಿ ಫಾರ್ಮಿನಲ್ಲಿ ನಾನೇ ತುಂಬಿದ್ದೆ, ಅಲ್ವಾ? ಸರ್ಜನ್ ಹತ್ತಿರ ಮೂರು ಸಲ ಓಡಾಡಿ, ಅಪೆಂಡಿಕ್ಸಿಗೂ ಶುಗರಿಗೂ ಸಂಬಂಧ ಇಲ್ಲ, ಇಂಥ ತಾರೀಖಿನಿಂದ ಇಂಥ ತಾರೀಖಿನವರೆಗೆ ಪ್ರಯಾಣ ಮಾಡಬಾರದು ಅಂತ ಬರೆಸಿದೆ. ಕಂಪನಿಯ ದೂರು ವಿಭಾಗಕ್ಕೆ ಕಳಿಸಿದೆ. ಆ ಪತ್ರದ ಮೊದಲ ಎರಡು ಸಾಲು ಹೇಗೆ ಬರೆದೆ ಅನ್ನೋದು ನನ್ನ ಹತ್ತಿರವೇ ಇರಲಿ, ಹೊಟ್ಟೆಪಾಡು ನೋಡಿ.

ನಡುವೆ ಇನ್ನೊಂದು. ಅಮ್ಮನ ಕಾಶಿ ಟಿಕೆಟ್ಟಿಗೆ ರೈಲಿನ 45 ಪೈಸೆ ಇನ್ಶೂರೆನ್ಸ್ ಹಾಕಿದ್ದೆ. ಅವರಿಗೆ ಜ್ವರ ಬಂದಾಗ ಅದರಲ್ಲೂ ಕೇಳೋಣ ಅಂತ ಹೋದೆ. ಅದು ರೈಲು ಅಪಘಾತಕ್ಕೆ ಮಾತ್ರ. ಅಮ್ಮ ಒಂದು ವಾರ ನಕ್ಕರು.

ಒಂದು ತಿಂಗಳು ಕಾದರೂ ಕಂಪನಿಯಿಂದ ಸುದ್ದಿಯಿಲ್ಲ. ಇನ್ಶೂರೆನ್ಸ್ ಕಂಪನಿಗಳ ಮೇಲಿನ ದೂರು ಕೇಳುವ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್‌ಗೆ ಆನ್‌ಲೈನಲ್ಲಿ ದೂರು ಹಾಕಿದೆವು. ಫೀಸಿಲ್ಲ, ವಕೀಲರೂ ಬೇಡ. 50 ಲಕ್ಷದವರೆಗಿನ ಕೇಸು ತಗೊಳ್ತಾರೆ, ನಮ್ಮದೆಲ್ಲಾ ಚಿಲ್ಲರೆ. ವಿಡಿಯೋದಲ್ಲೇ ವಿಚಾರಣೆ ಅಂತ ತಾರೀಖು ಬಂತು. ಸಾವ್ಕಾರರು ಇಸ್ತ್ರಿ ಅಂಗಿ ತೆಗೆದಿಟ್ಟಿದ್ದರು. ನಾಲ್ಕು ದಿನ ಮುಂಚೆ ಕಂಪನಿಯವರೇ ಫೋನ್ ಮಾಡಿದರು, "ಸೆಟಲ್ ಮಾಡ್ತೀವಿ ಸರ್."

ವೀಸಾ ಫೀಸು ಮಾತ್ರ ಕೊಡಲಿಲ್ಲ. ಅದಕ್ಕೆ ಸಾವ್ಕಾರರು ಈಗಲೂ ನನ್ನ ಮೇಲೆ ಸಿಟ್ಟಾಗಿದ್ದಾರೆ.