ಅಪಾರ್ಟ್‌ಮೆಂಟ್ ದೂರುಗಳ ಜಾಡು ಹಿಡಿಯಲು ಒಂದು ಫಾರ್ಮ್, ಒಂದು ಶೀಟ್

ವಾಟ್ಸಾಪ್ ಗುಂಪಿಗೆ ಬೆಳಿಗ್ಗೆ ಹಾಕಿದ ದೂರು ಮಧ್ಯಾಹ್ನದೊಳಗೆ ಗುಡ್ ಮಾರ್ನಿಂಗ್ ಚಿತ್ರಗಳ ನಡುವೆ ಕಳೆದುಹೋಗಿರುತ್ತದೆ. ಅರವತ್ತೋ ಎಂಬತ್ತೋ ಮನೆಗಳ ಅಸೋಸಿಯೇಷನ್ ಇದಕ್ಕಾಗಿ ದುಡ್ಡು ಕೊಟ್ಟು ಆ್ಯಪ್ ಕೊಳ್ಳಬೇಕಿಲ್ಲ, ಗೂಗಲ್ ಫಾರ್ಮ್ ಮತ್ತು ಶೀಟ್ ಸಾಕು. ಎರಡನ್ನೂ ಅಸೋಸಿಯೇಷನ್ ಹೆಸರಿನ ಖಾತೆಯಲ್ಲೇ ತೆರೆಯಿರಿ. ಕಾರ್ಯದರ್ಶಿಯ ಸ್ವಂತ ಖಾತೆಯಲ್ಲಿದ್ದರೆ ಮುಂದಿನ ಸಮಿತಿ ಅವರ ಹಿಂದೆ ಅಲೆಯಬೇಕಾಗುತ್ತದೆ.

ನಾಲ್ಕೇ ಪ್ರಶ್ನೆ ಇರಲಿ: ಬ್ಲಾಕ್, ಮನೆ ನಂಬರ್, ದೂರಿನ ಬಗೆ, ವಿವರ. ಬ್ಲಾಕ್ ಮತ್ತು ಬಗೆ ಡ್ರಾಪ್‌ಡೌನ್ ಆಗಿರಬೇಕು. ಜನರ ಕೈಗೆ ಬಿಟ್ಟರೆ ಒಬ್ಬರು ‘ಲಿಫ್ಟ್’, ಇನ್ನೊಬ್ಬರು ‘ಲಿಫ್ಟು ಕೆಟ್ಟಿದೆ’ ಎಂದು ಬರೆದು ಎಣಿಕೆಯೇ ಕೆಡುತ್ತದೆ. ಫೋಟೊ ಅಪ್‌ಲೋಡ್ ಪ್ರಶ್ನೆ ಬೇಡ. ಅದಿದ್ದರೆ ದೂರು ಕೊಡುವವರು ಗೂಗಲ್‌ಗೆ ಸೈನ್ ಇನ್ ಆಗಲೇಬೇಕು, ಹಿರಿಯರು ಅಲ್ಲಿಗೇ ಕೈಬಿಡುತ್ತಾರೆ. ಫಾರ್ಮ್‌ನ ತಲೆಯಲ್ಲೇ ಹೇಳಿಬಿಡಿ: ಬೆಂಗಳೂರಿನಲ್ಲಾದರೆ, ಬಡಾವಣೆಗೇ ಕರೆಂಟ್ ಇಲ್ಲದಿದ್ದರೆ ಬೆಸ್ಕಾಂ 1912, ಕಾವೇರಿ ನೀರು ಬಾರದಿದ್ದರೆ ಜಲಮಂಡಳಿ 1916. ಸಮಿತಿಯದಲ್ಲದ ದೂರು ಅಷ್ಟರಮಟ್ಟಿಗೆ ಕಮ್ಮಿ.

ಫಾರ್ಮ್‌ನ ‘ರೆಸ್ಪಾನ್ಸಸ್’ ಭಾಗದಿಂದ ಅದನ್ನು ಶೀಟ್‌ಗೆ ಜೋಡಿಸಿ, ಅಲ್ಲೇ ಮೂರು ಚುಕ್ಕೆ ಒತ್ತಿ ಇಮೇಲ್ ಸೂಚನೆ ಆನ್ ಮಾಡಿ. ಆನ್ ಮಾಡಿದವರಿಗಷ್ಟೇ ಮೇಲ್ ಬರುತ್ತದೆ, ಆದ್ದರಿಂದ ಮ್ಯಾನೇಜರ್ ತಮ್ಮ ಖಾತೆಯಿಂದ ಬೇರೆಯಾಗಿ ಮಾಡಿಕೊಳ್ಳಬೇಕು. ಶೀಟ್‌ನ ಸೆಟ್ಟಿಂಗ್ಸ್‌ನಲ್ಲಿ ಟೈಮ್ ಝೋನ್ ಭಾರತದ್ದೇ ಎಂದು ನೋಡಿಕೊಳ್ಳಿ. ಇಲ್ಲವಾದರೆ ರಾತ್ರಿಯ ದೂರು ಬೇರೆ ತಾರೀಖಿಗೆ ಬೀಳಬಹುದು.

ಫಾರ್ಮ್ ತುಂಬುವ ಕಾಲಂಗಳ ಬಲಕ್ಕೆ ನಿಮ್ಮವು: ಸ್ಥಿತಿ, ಯಾರ ಹೊಣೆ, ಮುಗಿದ ದಿನ, ಬಾಕಿ ದಿನ. ಹೆಚ್ಚಿನವರು ಎಡವುವುದು ಕೊನೆಯ ಕಾಲಂನಲ್ಲಿ. ಸೂತ್ರವನ್ನು ಮೊದಲೇ ಕೆಳಗಿನವರೆಗೂ ಎಳೆದಿಟ್ಟರೂ ಪ್ರತಿ ಹೊಸ ದೂರಿಗೆ ಫಾರ್ಮ್ ಹೊಸ ಸಾಲನ್ನೇ ತೂರಿಸುತ್ತದೆ, ಆ ಸಾಲಿನಲ್ಲಿ ಸೂತ್ರ ಇರುವುದಿಲ್ಲ. ಅದಕ್ಕೆ 1ನೇ ಸಾಲಿನ ಶೀರ್ಷಿಕೆಯ ಕೋಶದಲ್ಲೇ ಅರೇಫಾರ್ಮುಲಾ (ARRAYFORMULA, ಒಂದೇ ಕೋಶದಿಂದ ಕೆಳಗಿನ ಎಲ್ಲ ಸಾಲಿಗೂ ಲೆಕ್ಕ ಹಾಕುವ ಸೂತ್ರ) ಬರೆಯಿರಿ. ಮುಗಿದ ದಿನ ಖಾಲಿಯಿರುವ ದೂರುಗಳಿಗೆ ಇಂದಿನ ದಿನಾಂಕದಿಂದ ದೂರಿನ ದಿನಾಂಕ ಕಳೆದು ಇಡೀ ಕಾಲಂ ತಾನೇ ತುಂಬಿಕೊಳ್ಳುತ್ತದೆ. ಅದರ ಕೆಳಗೆ ಯಾರಾದರೂ ಒಂದು ಅಂಕಿ ಟೈಪ್ ಮಾಡಿದರೂ ಶೀರ್ಷಿಕೆಯ ಕೋಶದಲ್ಲಿ ಎರರ್ ಬಂದು ಕಾಲಂ ಪೂರಾ ಖಾಲಿಯಾಗುತ್ತದೆ, ಹಾಗಾಗಿ ಬೇರೆಯವರು ತಿದ್ದದಂತೆ ಅದನ್ನು ಪ್ರೊಟೆಕ್ಟ್ ಮಾಡಿಡಿ. ಬಾಕಿ 3 ದಿನ ದಾಟಿದರೆ ಕೆಂಪಾಗುವಂತೆ ಕಂಡೀಷನಲ್ ಫಾರ್ಮ್ಯಾಟಿಂಗ್ ಹಾಕಿ.

ನಿವಾಸಿಗಳಿಗೆ ಮೂಲ ಶೀಟ್ ತೋರಿಸಬೇಡಿ. ವಿವರದಲ್ಲಿ ಪಕ್ಕದ ಮನೆಯವರ ಹೆಸರು, ಫೋನ್ ನಂಬರ್ ಎಲ್ಲ ಇರುತ್ತದೆ. ಟ್ಯಾಬ್ ಬಚ್ಚಿಟ್ಟರೂ ಫೈಲ್‌ನ ಪ್ರತಿ ಮಾಡಿಕೊಂಡವರು ತೆರೆದು ನೋಡಬಹುದು. ಬೇರೆ ಫೈಲ್ ಮಾಡಿ, ಬಗೆ, ಸ್ಥಿತಿ, ಬಾಕಿ ದಿನ ಇಷ್ಟನ್ನೇ ಒಂದು ಶೀಟ್ ಫೈಲ್‌ನಿಂದ ಇನ್ನೊಂದಕ್ಕೆ ಮಾಹಿತಿ ತರುವ ಸೂತ್ರವಾದ ಇಂಪೋರ್ಟ್‌ರೇಂಜ್‌ನಿಂದ ತನ್ನಿ. ಮೊದಲ ಸಲ ‘ಅಲೋ ಆಕ್ಸೆಸ್’ ಒತ್ತುವ ತನಕ ಅದು ಎರರ್ ಅನ್ನೇ ತೋರಿಸುತ್ತದೆ.