ಓಹ್ರಿದ್ ನೋಡುವ ಕ್ರಮ: ಗುಡ್ಡದಿಂದ ಸರೋವರಕ್ಕೆ

ಉತ್ತರ ಮ್ಯಾಸಿಡೋನಿಯಾದ ಓಹ್ರಿದ್ ಪಟ್ಟಣಕ್ಕೆ ಕನಿಷ್ಠ ಎರಡು ರಾತ್ರಿಗಳನ್ನು ಮೀಸಲಿಡಬೇಕು. ರಾಜಧಾನಿ ಸ್ಕೋಪ್ಯೆಯಿಂದ ಬಸ್ಸಿನಲ್ಲಿ ಬಂದು ಅದೇ ಸಂಜೆ ಮರಳುವವರಿಗೆ ದಡದ ಹೋಟೆಲುಗಳಷ್ಟೇ ಕಾಣುತ್ತವೆ. ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಜನಸಂದಣಿ ವಿಪರೀತವಿರುವುದರಿಂದ ಜೂನ್ ಅಥವಾ ಸೆಪ್ಟೆಂಬರ್ ಲೇಸು.

ಹಳೆಯ ಊರು ಕಡಿದಾದ ಗುಡ್ಡದ ಮೇಲಿದೆ. ಆದ್ದರಿಂದ ಮೊದಲ ದಿನ ಮೇಲಿನ ಹೆಬ್ಬಾಗಿಲಿನಿಂದ ಆರಂಭಿಸಿ ಇಳಿಯುತ್ತಾ ಹೋಗುವುದೇ ಜಾಣತನ. ಬಾಗಿಲಿನ ಬಳಿಯೇ ಇರುವ ಪೆರಿವ್ಲೆಪ್ತಾ ಮಾತೆಯ ಚರ್ಚಿಗೆ ಒಂದು ಗಂಟೆ ಕೊಡಿ. 1295ರ ಈ ಚರ್ಚಿನ ಭಿತ್ತಿಚಿತ್ರಗಳನ್ನು ಬರೆದವರು ಮಿಖಾಯಿಲ್ ಅಸ್ತ್ರಪಾಸ್ ಮತ್ತು ಯೂತಿಖಿಯೋಸ್. ಕ್ರಿಸ್ತನ ದೇಹದ ಸುತ್ತ ರೋದಿಸುವವರ ಚಿತ್ರದಲ್ಲಿ ಅವರು ತೋರಿಸಿರುವ ದುಃಖದ ತೀವ್ರತೆಯನ್ನು ನಿಧಾನವಾಗಿ ನೋಡಬೇಕು. ಎದುರಿಗೇ ಐಕಾನ್‌ಗಳ, ಅಂದರೆ ಪೂಜೆಗೆ ಬಳಸುವ ಸಂತರ ಚಿತ್ರಗಳ, ಸಂಗ್ರಹಾಲಯವಿದೆ. ಅಲ್ಲಿಂದ ಸಮುಯಿಲ್ ದೊರೆಯ ಕೋಟೆಯನ್ನು ಹತ್ತಿ, ಪೈನ್ ಮರಗಳ ನಡುವಿನ ದಾರಿಯಲ್ಲಿ ಪ್ಲಾವೋಶ್ನಿಕ್‌ಗೆ ಇಳಿಯಿರಿ. 9ನೇ ಶತಮಾನದ ಕೊನೆಯಲ್ಲಿ ಸಂತ ಕ್ಲಿಮೆಂಟ್ ಸ್ಲಾವ್ ಭಾಷೆಯಲ್ಲಿ ಓದುಬರಹ ಕಲಿಸಿದ್ದು ಇಲ್ಲಿ. ಈಗ ಕಾಣುವ ಚರ್ಚು ಮಾತ್ರ ಹಳೆಯ ತಳಪಾಯದ ಮೇಲೆ 2002ರಲ್ಲಿ ಮರುನಿರ್ಮಿಸಿದ್ದು. ಸೂರ್ಯಾಸ್ತಕ್ಕೆ ಸ್ವಲ್ಪ ಮೊದಲು, ಸರೋವರದ ಮೇಲೆ ಚಾಚಿದ ಬಂಡೆಯ ತುದಿಯಲ್ಲಿರುವ ಕನೆಯೋದ ಸಂತ ಯೋಹಾನರ ಚರ್ಚನ್ನು ತಲುಪುವಂತೆ ನೋಡಿಕೊಳ್ಳಿ.

ಎರಡನೆಯ ದಿನವನ್ನು ಅಲ್ಬೇನಿಯಾದ ಗಡಿಯ ಹತ್ತಿರ, ಸುಮಾರು 30 ಕಿ.ಮೀ. ದೂರದ ಸಂತ ನಾವುಮ್ ಮಠಕ್ಕೆ ಬಿಡಿ. ಬೇಸಿಗೆಯಲ್ಲಿ ದೋಣಿಯೂ ಉಂಟು. ಮಠದ ಪಕ್ಕದ ಬುಗ್ಗೆಗಳಲ್ಲಿ ಹುಟ್ಟುದೋಣಿಯ ಸವಾರಿಯನ್ನು ತಪ್ಪಿಸಬಾರದು: ಗಲಿಚಿತ್ಸಾ ಬೆಟ್ಟದ ಆಚೆ, ಹೆಚ್ಚು ಎತ್ತರದಲ್ಲಿರುವ ಪ್ರೆಸ್ಪಾ ಸರೋವರದ ನೀರು ಸುಣ್ಣಕಲ್ಲಿನೊಳಗೆ ಇಳಿದು, ಸೋಸಿಕೊಂಡು ಇಲ್ಲಿ ಉಕ್ಕುತ್ತದೆ. ಸುಮಾರು 288 ಮೀಟರ್ ಆಳದ ಓಹ್ರಿದ್ ಸರೋವರದ ತಿಳಿನೀರಿಗೆ ಇದೂ ಒಂದು ಕಾರಣ. ಊಟಕ್ಕೆ ಕುಳಿತಾಗ ಓಹ್ರಿದ್ ಟ್ರೌಟ್ ಮೀನನ್ನು ತರಿಸದಿರುವುದು ಒಳ್ಳೆಯದು; ಈ ಸರೋವರದಲ್ಲಷ್ಟೇ ವಿಕಾಸಗೊಂಡ ಆ ಮೀನಿನ ಸಂತತಿ ಅತಿಯಾದ ಬೇಟೆಯಿಂದ ಕುಸಿದಿದೆ.

ಹೊರಡುವ ದಿನದ ಬೆಳಿಗ್ಗೆಯನ್ನು 11ನೇ ಶತಮಾನದ ಸಂತ ಸೋಫಿಯಾ ಚರ್ಚಿಗೆ ಉಳಿಸಿಕೊಳ್ಳಿ. ಒಟ್ಟೋಮನ್ನರ ಕಾಲದಲ್ಲಿ ಮಸೀದಿಯಾಗಿದ್ದ ಇದರ ಚಿತ್ರಗಳಿಗೆ ಸುಣ್ಣ ಬಳಿಯಲಾಗಿತ್ತು. 20ನೇ ಶತಮಾನದಲ್ಲಿ ಆ ಸುಣ್ಣವನ್ನು ತೆಗೆದು ಚಿತ್ರಗಳನ್ನು ಮತ್ತೆ ಬೆಳಕಿಗೆ ತರಲಾಯಿತು. ಭುಜ, ಮೊಣಕಾಲು ಮುಚ್ಚುವ ಉಡುಪು ಧರಿಸಿ, ಒಳಗೆ ಛಾಯಾಚಿತ್ರ ತೆಗೆಯುವ ಮುನ್ನ ಅನುಮತಿ ಕೇಳಿ. ಟಿಕೆಟ್ಟಿಗೆ ಸ್ಥಳೀಯ ದೆನಾರ್ ನಗದು ಜೊತೆಗಿರಲಿ. ಅಂಗಡಿಗಳಲ್ಲಿ ಸಿಗುವ ಓಹ್ರಿದ್ ಮುತ್ತು ಸಿಂಪಿಯಲ್ಲಿ ಬೆಳೆದದ್ದಲ್ಲ, ಮೀನಿನ ಹುರುಪೆಯಿಂದ ತಯಾರಿಸಿದ ಲೇಪವನ್ನು ಮಣಿಗೆ ಹಚ್ಚಿ ಮಾಡಿದ್ದು ಎಂಬುದನ್ನು ತಿಳಿದೇ ಬೆಲೆ ಮಾತಾಡಿ.