ದುರ್ಗದ ಬಂಡೆಗಳಲ್ಲಿ ‘ನಾಗರಹಾವು’ ಕ್ಯಾಮೆರಾ ನಿಂತ ಜಾಗ: ನನ್ನ ಅನುಭವ

ಚಿತ್ರದುರ್ಗದ ಕೋಟೆಯಲ್ಲಿ ‘ನಾಗರಹಾವು’ ಚಿತ್ರದ ಕ್ಯಾಮೆರಾ ಎಲ್ಲೆಲ್ಲಿ ನಿಂತಿತ್ತು ಎಂಬುದನ್ನು ಬಂಡೆಗಳ ಅಂಚು ನೋಡಿಯೇ ಹೇಳಬಹುದು ಎಂದಾಗ, ಹಳೆಯ ಚಿತ್ರಗಳ ಲೊಕೇಶನ್ ಹುಡುಕುವ ನಮ್ಮ ಗೆಳೆಯರಲ್ಲಿ ಒಬ್ಬರೂ ಒಪ್ಪಲಿಲ್ಲ. ಕಟ್ಟಡವಾದರೆ ಕಿಟಕಿ ಬಾಗಿಲು ಎಣಿಸಬಹುದು, ದುರ್ಗದಲ್ಲಿ ಬಂಡೆಗೆ ಬಂಡೆಯೇ ಹೋಲುತ್ತದೆ ಎಂಬುದು ಅವರ ವಾದವಾಗಿತ್ತು. ಈ ಬೇಸಿಗೆಯಲ್ಲಿ ನಾನು ಆರಿಸಿಕೊಂಡ ಹತ್ತು ಹನ್ನೆರಡು ಫ್ರೇಮುಗಳಲ್ಲಿ ಏಳೆಂಟು ಸರಿಯಾಗಿ ಕೂಡಿಬಂದಿವೆ. ಅವುಗಳಲ್ಲಿ ಎರಡನ್ನು ಇದುವರೆಗೆ ಬೇರೆ ಯಾರೂ ಗುರುತಿಸಿದ್ದನ್ನು ನಾನು ಕಂಡಿಲ್ಲ.

ಓಬವ್ವನ ಕಿಂಡಿಯನ್ನೂ ಗುಡಿಗಳನ್ನೂ ಬೇಕೆಂದೇ ಬಿಟ್ಟೆ, ಅವುಗಳನ್ನು ಯಾರಾದರೂ ಗುರುತಿಸುತ್ತಾರೆ. ನನಗೆ ಬೇಕಾಗಿದ್ದದ್ದು ಹೆಸರಿಲ್ಲದ ಇಳಿಜಾರುಗಳು. ಫ್ರೇಮುಗಳನ್ನು ತೆಗೆಯುವಾಗ ಒಂದು ಎಚ್ಚರಿಕೆ ಅಗತ್ಯ: 2018ರಲ್ಲಿ ಮರುಬಿಡುಗಡೆಯಾದ ಪ್ರತಿಯನ್ನು ಸಿನಿಮಾಸ್ಕೋಪ್ ಅಗಲಕ್ಕೆ ಹೊಂದಿಸಿದ್ದಾರೆ. 1972ರ ಮೂಲ ಚೌಕಟ್ಟು ಅಷ್ಟು ಅಗಲದ್ದಲ್ಲವಾದ್ದರಿಂದ, ಬಂಡೆಗಳ ನೆತ್ತಿಯೂ ಬುಡವೂ ಕತ್ತರಿಸಿಹೋಗುವ ಸಾಧ್ಯತೆ ಇರುತ್ತದೆ. ಚಿತ್ರ ಎಷ್ಟೇ ಮಂಕಾಗಿರಲಿ, ಹಳೆಯ ಟಿವಿ ಪ್ರತಿಯೇ ಈ ಕೆಲಸಕ್ಕೆ ಮೇಲು.

ಮೊದಲು ಎಲ್ಲರಂತೆ ಫೋನಿನಲ್ಲಿ ಹಳೆಯ ಫ್ರೇಮನ್ನು ಅರೆಪಾರದರ್ಶಕವಾಗಿಸಿ, ಎದುರಿನ ದೃಶ್ಯದ ಮೇಲೆ ಕೂರಿಸಲು ನೋಡಿದೆ. ಅದಕ್ಕಾಗಿ ಕೊಂಡ ಆ್ಯಪ್‌ಗೆ ಸಾವಿರದೈನೂರು ರೂಪಾಯಿಯಷ್ಟು ಹೋಯಿತು. ಚಿತ್ರೀಕರಣದ ಲೆನ್ಸ್ ಬೇರೆ, ಫೋನಿನದು ಬೇರೆ. ಒಂದು ಬಂಡೆ ಕೂತರೆ ಇನ್ನೊಂದು ಜಾರುತ್ತಿತ್ತು. ಸಂರಕ್ಷಿತ ಸ್ಮಾರಕವಾದ್ದರಿಂದ ಅನುಮತಿಯಿಲ್ಲದೆ ಟ್ರೈಪಾಡ್ ಇಡುವಂತಿಲ್ಲ, ಡ್ರೋನಿನ ಮಾತೂ ಇಲ್ಲ. ಬೆಂಗಳೂರಿನಿಂದ ಇನ್ನೂರು ಕಿಲೋಮೀಟರು ಹೋಗಿ ಬರುವ ಬಸ್ಸು, ವಸತಿ, ಪ್ರಿಂಟು ಎಲ್ಲ ಸೇರಿ ಹದಿನೆಂಟು ಸಾವಿರದ ಹತ್ತಿರ ಖರ್ಚಾಗುವ ಹೊತ್ತಿಗೆ ನನ್ನ ಕೈಯಲ್ಲಿದ್ದದ್ದು ಒಂದೇ ಒಂದು ಫ್ರೇಮು, ಅದೂ ಅರೆಬರೆ.

ಕೊನೆಗೆ ಫಲ ಕೊಟ್ಟದ್ದು ಮರೆಯ ಲೆಕ್ಕ. ಲೆನ್ಸ್ ಯಾವುದೇ ಇರಲಿ, ಅದು ವಸ್ತುವಿನ ಗಾತ್ರವನ್ನು ಬದಲಿಸೀತೇ ಹೊರತು ಯಾವುದು ಯಾವುದನ್ನು ಮರೆಮಾಡುತ್ತದೆ ಎಂಬುದನ್ನು ಬದಲಿಸಲಾರದು. ಒಂದು ಫ್ರೇಮಿನ ಎಡಕ್ಕೆ ಸೀಳಿದ ಬಂಡೆಯಿದೆ, ಅದರ ಬಲ ಅಂಚು ಹಿಂದಿನ ಬುರುಜಿನ ಮೂರನೆಯ ತೆನೆಯನ್ನು (ಗೋಡೆಯ ನೆತ್ತಿಯ ಮೇಲೆ ಹಲ್ಲಿನಂತೆ ಎದ್ದಿರುವ ಭಾಗ) ಸರಿಯಾಗಿ ಅರ್ಧಕ್ಕೆ ಮುಚ್ಚುತ್ತದೆ. ಇಳಿಜಾರಿನಲ್ಲಿ ಒಂದು ಹೆಜ್ಜೆ ಬಲಕ್ಕಿಟ್ಟರೆ ತೆನೆ ಪೂರ್ತಿ ಕಾಣುತ್ತದೆ, ಎಡಕ್ಕಿಟ್ಟರೆ ಮಾಯವಾಗುತ್ತದೆ. ಅದು ಅರ್ಧಕ್ಕೆ ನಿಲ್ಲುವ ಗೆರೆಯ ಮೇಲೆಯೇ ಹಿಂದೆಮುಂದೆ ನಡೆಯುತ್ತಾ, ಬಲಗಡೆಯ ಇನ್ನೊಂದು ಜೋಡಿ ಬಂಡೆಗಳ ಅಂಚು ಕೂಡುವ ತನಕ ಹುಡುಕಬೇಕು. ಎರಡು ಗೆರೆ ಸೇರಿದ ಕಡೆ ಕ್ಯಾಮೆರಾ ಇತ್ತು. ಎತ್ತರಕ್ಕೂ ಇದೇ ಲೆಕ್ಕ. ಈ ಫ್ರೇಮಿಗೆ ನಾನು ಮಂಡಿಯೂರಿ ಕೂರಬೇಕಾಯಿತು, ಕೂತೊಡನೆ ಎಲ್ಲ ಅಂಚುಗಳೂ ತಮ್ಮ ತಮ್ಮ ಜಾಗಕ್ಕೆ ಬಂದವು. ಆ ಸಂತೋಷವನ್ನು ಈ ಹವ್ಯಾಸದವರಿಗೆ ವಿವರಿಸಬೇಕಿಲ್ಲ.

ಗಿಡಗಂಟಿ ಬೆಳೆದು ಅಂಚೇ ಕಾಣದ ಕಡೆ ನಾನು ಬಳಸುವ ಉಪಾಯವೊಂದಿದೆ, ಉಳಿದ ಫ್ರೇಮುಗಳು ಸಿಗುವವರೆಗೆ ಅದನ್ನು ನನ್ನಲ್ಲಿಯೇ ಇಟ್ಟುಕೊಳ್ಳುತ್ತೇನೆ. ಹುಲ್ಲು ಒಣಗಿರುವ ಫೆಬ್ರವರಿ, ಮಾರ್ಚ್ ತಿಂಗಳುಗಳಲ್ಲಿ ಹೋದರೆ ಅರ್ಧ ತೊಂದರೆ ತಾನಾಗಿಯೇ ತಪ್ಪುತ್ತದೆ ಎಂಬುದನ್ನಷ್ಟೇ ಹೇಳಬಲ್ಲೆ.

ನಡುವೆ ನೆರಳು ಹಿಡಿದು ದಿಕ್ಕು ಕಂಡುಕೊಳ್ಳುವ ಪ್ರಯೋಗವನ್ನೂ ಮಾಡಿದೆ. ದುರ್ಗ ಇರುವುದು ಸುಮಾರು 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಹಗಲಿನ ಸೂರ್ಯ ನೆತ್ತಿಯಿಂದ ಉತ್ತರಕ್ಕೆ ವಾಲಿರುತ್ತಾನೆ, ನೆರಳು ದಕ್ಷಿಣಕ್ಕೆ ಬೀಳುತ್ತದೆ. ಚಿತ್ರೀಕರಣದ ತಿಂಗಳು ತಿಳಿಯದೆ ಮಧ್ಯಾಹ್ನದ ನೆರಳನ್ನು ನಂಬಿದರೆ ದಿಕ್ಕೇ ತಿರುಗುಮುರುಗಾಗುತ್ತದೆ. ಬೆಳಗ್ಗೆ ಅಥವಾ ಸಂಜೆಯ ಉದ್ದ ನೆರಳಿರುವ ಫ್ರೇಮುಗಳಲ್ಲಿ ಮಾತ್ರ, ಸಂಶಯವಿದ್ದ ಎರಡು ಇಳಿಜಾರುಗಳಲ್ಲಿ ಒಂದನ್ನು ಕೈಬಿಡಲು ಅದು ನೆರವಾಯಿತು.

ಇದೇ ಲೆಕ್ಕವನ್ನು ಬೆಂಗಳೂರಿನ ಎಂ.ಜಿ. ರಸ್ತೆಯಲ್ಲಿ, ಹಳೆಯ ಚಿತ್ರವೊಂದರ ಯುಟಿಲಿಟಿ ಬಿಲ್ಡಿಂಗ್ ದೃಶ್ಯಕ್ಕೂ ಹಚ್ಚಿ ನೋಡಿದೆ. ಮೆಟ್ರೊ ಮೇಲ್ಸೇತುವೆ ದೂರದ ಅಂಚುಗಳನ್ನೆಲ್ಲ ಮುಚ್ಚಿರುವುದರಿಂದ ಅಲ್ಲಿ ಒಂದು ಗೆರೆ ಮಾತ್ರ ಸಿಕ್ಕಿತು, ಎರಡನೆಯದು ಸಿಗಲಿಲ್ಲ. ಕಟ್ಟಡಕ್ಕಿಂತ ಬಂಡೆಯೇ ಹೆಚ್ಚು ನಂಬಿಕಸ್ತ ಗುರುತು ಎಂಬ ನನ್ನ ಮಾತಿಗೆ ನಮ್ಮ ಗೆಳೆಯರು ಈಗ ತಲೆದೂಗುತ್ತಿದ್ದಾರೆ. ಅವರಲ್ಲಿ ಇಬ್ಬರು ಮುಂದಿನ ಫೆಬ್ರವರಿಯಲ್ಲಿ ನನ್ನೊಂದಿಗೆ ದುರ್ಗಕ್ಕೆ ಬರುವವರಿದ್ದಾರೆ.